ಎಳೆಯುವ ಕಾರು, ಜಾಡು ಹಿಡಿಯುವ ಟಯರು

ಮಳೆಗಾಲ ಕಳೆದು ನೆಲ ಒಣಗಿದ ಮೇಲೆ, ಎತ್ತಿನ ಗಾಡಿಗಳು ಓಡಾಡಿದ ಹಾದಿಯಲ್ಲಿ ಸೈಕಲು ತುಳಿದವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಕೆಸರಿನಲ್ಲಿ ಕೊರೆದು ಬಿಸಿಲಿಗೆ ಗಟ್ಟಿಯಾದ ಜಾಡಿಗೆ ಮುಂದಿನ ಗಾಲಿ ಒಮ್ಮೆ ಇಳಿಯಿತೆಂದರೆ, ಆಮೇಲೆ ಹ್ಯಾಂಡಲು ಸವಾರನ ಮಾತನ್ನು ಕೇಳುವುದಿಲ್ಲ. ಜಾಡು ಹೋದತ್ತ ಸೈಕಲು ಹೋಗುತ್ತದೆ. ಬಲವಂತದಿಂದ ಹೊರಕ್ಕೆ ತಿರುಗಿಸಹೋದವನು ಬೀಳುವುದೇ ಹೆಚ್ಚು. ಟ್ರಾಮು ಬಂಡಿಗಳಿದ್ದ ನಗರಗಳಲ್ಲಿ ಇದೇ ತೊಂದರೆ ಕಬ್ಬಿಣದ ರೂಪ ತಾಳಿತ್ತು. ಕಲ್ಕತ್ತೆಯಲ್ಲಿ ೧೮೭೩ರಲ್ಲಿ ಕುದುರೆಗಳು ಎಳೆಯುವ ಟ್ರಾಮು ಮೊದಲಾಯಿತು. ೧೯೦೨ರಲ್ಲಿ ವಿದ್ಯುತ್ತಿನ ಟ್ರಾಮು ಬಂದಿತು. ಬೀದಿಯ ಮಟ್ಟಕ್ಕೆ ಹುದುಗಿಸಿದ ಆ ಕಂಬಿಗಳ ಪಕ್ಕದಲ್ಲಿ ಟ್ರಾಮಿನ ಗಾಲಿಯ ಅಂಚು ಓಡಲೆಂದು ಒಂದು ಸಣ್ಣ ಕಾಲುವೆ ಇರುತ್ತದೆ. ಬೇರೆ ವಾಹನಗಳ ಗಾಲಿಗಳು ಆ ಕಂಬಿಯ ಹಾದಿಗೆ ಸಿಕ್ಕರೆ ಅದನ್ನೇ ಹಿಂಬಾಲಿಸಲು ಹವಣಿಸುತ್ತವೆ. ಮೋಟಾರು ಕಾರಿನ ಒಂದು ದೋಷಕ್ಕೆ ಇಂಗ್ಲಿಷಿನಲ್ಲಿ ‘ಟ್ರಾಮ್‌ಲೈನಿಂಗ್’ ಎಂಬ ಹೆಸರು ಬಂದುದು ಹೀಗೆ. ನಾವು ಅದನ್ನು ‘ಜಾಡು ಹಿಡಿಯುವುದು’ ಎಂದು ಕರೆಯೋಣ.

ಕಾರಿನ ವಿಷಯಕ್ಕೆ ಬಂದೊಡನೆ ಒಂದು ಒಗಟು ಎದುರಾಗುತ್ತದೆ. ಸೈಕಲಿನ ಸಣ್ಣ ಗಾಲಿ ಸಣ್ಣ ಜಾಡಿಗೆ ಸಿಲುಕುವುದು ಸಹಜ. ಒಂದು ಗೇಣಿಗೆ ಸಮೀಪವಾದ ಅಗಲವುಳ್ಳ ಟಯರು, ಆಳ ಎರಡು ಸೆಂಟಿಮೀಟರೂ ಇಲ್ಲದ ತಗ್ಗಿಗೆ ಏಕೆ ವಶವಾಗಬೇಕು? ನಿಜವಾಗಿ ನಡೆಯುವುದು ಇದಕ್ಕಿಂತಲೂ ವಿಚಿತ್ರ: ಕಿರಿದಾದ ಟಯರಿನ ಹಳೆಯ ಕಾರು ನಿಶ್ಚಿಂತೆಯಾಗಿ ದಾಟಿಹೋಗುವ ರಸ್ತೆಯಲ್ಲಿ ಅಗಲವಾದ ಟಯರಿನ ಹೊಸ ಕಾರು ಅತ್ತಿತ್ತ ಮೂಗು ಹೊರಳಿಸುತ್ತದೆ. ಇದರ ಉತ್ತರವನ್ನು ಹುಡುಕುವ ಮೊದಲು ಇನ್ನೊಂದು ತೊಡಕನ್ನು ಬಿಡಿಸಬೇಕಾಗಿದೆ.

“ಗಾಡಿ ಎಳೆಯುತ್ತದೆ” ಎಂದು ಚಾಲಕರು ಹೇಳುವ ಒಂದು ಮಾತಿನೊಳಗೆ ಎರಡು ಬೇರೆ ದೋಷಗಳು ಅಡಗಿರುತ್ತವೆ. ಮೊದಲನೆಯದು ಸ್ಥಿರವಾದ ಸೆಳೆತ. ಸ್ಟಿಯರಿಂಗಿನ ಮೇಲಿನ ಹಿಡಿತವನ್ನು ಸಡಿಲಿಸಿದಾಗ ಕಾರು ಯಾವಾಗಲೂ ಒಂದೇ ಪಕ್ಕಕ್ಕೆ, ಎಡಕ್ಕಾದರೆ ಎಡಕ್ಕೇ, ವಾಲುತ್ತ ಹೋಗುತ್ತದೆ. ಎರಡನೆಯದು ಜಾಡು ಹಿಡಿಯುವುದು. ಇಲ್ಲಿ ಸೆಳೆತಕ್ಕೆ ನಿಶ್ಚಿತವಾದ ದಿಕ್ಕಿಲ್ಲ. ರಸ್ತೆಯ ಮೈ ಬದಲಾದಂತೆ ಅದೂ ಬದಲಾಗುತ್ತದೆ. ಮೊದಲನೆಯದರ ಮೂಲವನ್ನು ಬಹುಮಟ್ಟಿಗೆ ಕಾರಿನಲ್ಲಿ ಹುಡುಕಬೇಕು. ಎರಡನೆಯದು ಟಯರಿಗೂ ರಸ್ತೆಗೂ ನಡೆಯುವ ವ್ಯವಹಾರ. ಇವೆರಡನ್ನೂ ಬೆರೆಸಿಕೊಂಡವರು ಗ್ಯಾರೇಜಿಗೆ ಹಣ ತೆತ್ತು, ಕಾರು ಮೊದಲಿನಂತೆಯೇ ಇರುವುದನ್ನು ಕಂಡು ಬೇಸರಗೊಳ್ಳುತ್ತಾರೆ.

ನನ್ನ ಪರಿಚಯದ ಕಾಲೇಜು ಅಧ್ಯಾಪಕರೊಬ್ಬರಿಗೆ ಆದುದು ಇದೇ. ಅವರು ಕೊಂಡ ಹಳೆಯ ಕಾರಿಗೆ ಹಿಂದಿನ ಒಡೆಯನು ಅಂದಕ್ಕಾಗಿ ಅಗಲವಾದ ಗಾಲಿಗಳನ್ನು ಹಾಕಿಸಿದ್ದನು. ಕಾರ್ಖಾನೆಯಿಂದ ಬಂದಾಗ ಇದ್ದುದು ೧೬೫/೮೦ ಆರ್ ೧೪ ಅಳತೆಯ ಟಯರು; ಈಗ ಇದ್ದುದು ೨೧೫/೪೫ ಆರ್ ೧೭. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಈ ಅಂಕಿಗಳನ್ನು ಓದುವುದು ಸುಲಭ. ಮೊದಲನೆಯದು ಮಿಲಿಮೀಟರುಗಳಲ್ಲಿ ಟಯರಿನ ಅಗಲ. ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು ಪಾಲೆಂಬುದು. ‘ಆರ್’ ಎಂದರೆ ರೇಡಿಯಲ್. ಕೊನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಲೆಕ್ಕ ಮಾಡಿದರೆ ಹಳೆಯ ಟಯರಿನ ಗೋಡೆ ೧೩೨ ಮಿ.ಮೀ. ಎತ್ತರ, ಹೊಸದರದು ೯೭ ಮಿ.ಮೀ. ಮಾತ್ರ. ಇಡೀ ಗಾಲಿಯ ವ್ಯಾಸವಾದರೋ ಹೆಚ್ಚುಕಡಮೆ ಅಷ್ಟೇ ಉಳಿದಿತ್ತು. ಟಯರು ಅಗಲವಾಯಿತು, ಗಿಡ್ಡವಾಯಿತು, ಗಡುಸಾಯಿತು.

ಅಧ್ಯಾಪಕರು ಪ್ರತಿ ಭಾನುವಾರ ಸಂಸಾರದೊಡನೆ ಹೆದ್ದಾರಿ ಹಿಡಿದು ತಾಯಿಯ ಊರಿಗೆ ಹೋಗಿಬರುತ್ತಿದ್ದರು. ದಾರಿಯುದ್ದಕ್ಕೂ ಸ್ಟಿಯರಿಂಗನ್ನು ಬಲಕ್ಕೆ ಅದುಮಿ ಹಿಡಿಯಬೇಕಾಗಿತ್ತು. ಅದನ್ನಾದರೂ ಸಹಿಸಬಹುದು, ಒಂದು ರಾತ್ರಿ ಲಾರಿಯೊಂದನ್ನು ದಾಟುವಾಗ ಕಾರು ಇದ್ದಕ್ಕಿದ್ದಂತೆ ಲಾರಿಯ ಗಾಲಿಗಳತ್ತ ಒಂದು ಮೊಳ ಸರಿಯಿತು. ಅಂದಿನಿಂದ ಮನೆಯವರು ಆ ಕಾರನ್ನು ಹತ್ತಲು ಹಿಂಜರಿದರು. ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದರು. ಮೂರು ಸಲವೂ ಯಂತ್ರವು ಎಲ್ಲ ಅಂಕಿಗಳೂ ಸರಿಯಾಗಿವೆಯೆಂದು ಹಸಿರು ಬಣ್ಣದಲ್ಲಿ ಕಾಗದ ಅಚ್ಚುಮಾಡಿ ಕೊಟ್ಟಿತು. ಕಾರು ಮಾತ್ರ ಆ ಕಾಗದವನ್ನು ಓದಿರಲಿಲ್ಲ.

ಕೊನೆಗೆ ತನಿಖೆಯನ್ನು ಕೈಗೆತ್ತಿಕೊಂಡವಳು ದ್ವಿತೀಯ ಪಿ.ಯು.ಸಿ.ಯಲ್ಲಿ ಓದುತ್ತಿದ್ದ ಅವರ ಮಗಳು. “ಅಪ್ಪ, ಎಡಕ್ಕೆ ಎಳೀತಿರೋದು ಕಾರೋ ರಸ್ತೆಯೋ? ಮೊದಲು ಅದು ಗೊತ್ತಾಗಲಿ” ಎಂದಳಂತೆ. ಪ್ರಶ್ನೆ ಸರಿಯಾದುದೇ. ನೀರು ಹರಿದುಹೋಗಲೆಂದು ರಸ್ತೆಯನ್ನು ಆಮೆಯ ಬೆನ್ನಿನಂತೆ ನಡುವೆ ಉಬ್ಬಿಸಿ ಪಕ್ಕಗಳಿಗೆ ಇಳಿಜಾರಾಗಿ ಕಟ್ಟುತ್ತಾರೆ. ನಮ್ಮ ಡಾಂಬರು ರಸ್ತೆಗಳಲ್ಲಿ ಈ ಇಳಿಜಾರು ಸಾಮಾನ್ಯವಾಗಿ ೫೦ಕ್ಕೆ ೧ರಷ್ಟಿರುತ್ತದೆ. ೧,೧೦೦ ಕಿಲೋಗ್ರಾಂ ತೂಗುವ ಕಾರನ್ನು ಅಂಥ ಇಳಿಜಾರು ೨೨ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಪಕ್ಕಕ್ಕೆ ಎಳೆಯುತ್ತದೆ. ನಾವು ರಸ್ತೆಯ ಎಡ ಭಾಗದಲ್ಲಿ ನಡೆಯುವವರಾದುದರಿಂದ, ಯಾವ ದೋಷವೂ ಇಲ್ಲದ ಕಾರು ಕೂಡ ನಮ್ಮ ದೇಶದಲ್ಲಿ ಮೆಲ್ಲಗೆ ಎಡಕ್ಕೆ ವಾಲುವುದೇ ನಿಯಮ.

ಹುಡುಗಿ ಹೂಡಿದ ಪ್ರಯೋಗ ಸರಳವಾದುದು. ಇನ್ನೂ ಮನೆಗಳೇಳದ, ಜನ ಸಂಚಾರವಿಲ್ಲದ ಬಡಾವಣೆಯೊಂದರ ನೇರವಾದ ರಸ್ತೆಯನ್ನು ಆರಿಸಿದಳು. ತಂದೆಯವರು ರಸ್ತೆಯ ಒಂದೇ ಮಗ್ಗುಲಿನ ಮೇಲೆ ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗಬೇಕು; ಅದೇ ಮಗ್ಗುಲಿನ ಮೇಲೆಯೇ ಹಿಂದಿರುಗಬೇಕು. ಕೈಗಳನ್ನು ಸ್ಟಿಯರಿಂಗಿನಿಂದ ತೆಗೆಯಕೂಡದು, ಹಿಡಿತ ಸಡಿಲಿಸಿದರೆ ಸಾಕು. ಹೋಗುವಾಗ ಇಳಿಜಾರು ಕಾರಿನ ಎಡಕ್ಕಿದ್ದರೆ ಬರುವಾಗ ಅದು ಬಲಕ್ಕಿರುತ್ತದೆ. ಸೆಳೆತವು ರಸ್ತೆಯದಾದರೆ ದಿಕ್ಕು ತಿರುಗಬೇಕು, ಕಾರಿನದಾದರೆ ತಿರುಗಬಾರದು. ಅಧ್ಯಾಪಕರ ಕಾರು ಹೋಗುವಾಗ ಜೋರಾಗಿಯೂ ಬರುವಾಗ ತುಸು ಮೆಲ್ಲಗೂ ಎಡಕ್ಕೇ ಎಳೆಯಿತು. ಎಂದರೆ ರಸ್ತೆಯ ಪಾಲೂ ಇದೆ, ಆದರೆ ಕಾರಿನ ಪಾಲು ಅದಕ್ಕಿಂತ ದೊಡ್ಡದು.

ಇಂಥ ಶೋಧನೆಯಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಅಗ್ಗವಾದುದು ಮೊದಲು. ಆದುದರಿಂದ ಅವಳು ಗಾಳಿಯ ಒತ್ತಡವನ್ನು ನೋಡಿದಳು. ಗಾಡಿ ಓಡಿ ಟಯರು ಬಿಸಿಯಾದ ಮೇಲೆ ಒತ್ತಡ ಏರುವುದರಿಂದ ಇದನ್ನು ಮುಂಜಾನೆ, ಟಯರು ತಣ್ಣಗಿರುವಾಗಲೇ ಅಳೆಯಬೇಕು. ಬಲದ ಮುಂಗಾಲಿಯಲ್ಲಿ ೩೩ ಪೌಂಡು, ಎಡದ್ದರಲ್ಲಿ ೨೯. ಗಾಳಿ ಕಡಮೆಯಾದ ಟಯರು ಹೆಚ್ಚಾಗಿ ಬಳುಕುತ್ತ ಉರುಳುವುದರಿಂದ ಅದರ ಪ್ರತಿರೋಧ ಹೆಚ್ಚು. ಕಾರು ಅತ್ತ ಹೊರಳುತ್ತದೆ. ಎರಡನ್ನೂ ೩೩ಕ್ಕೆ ತಂದಾಗ ಸೆಳೆತ ಸ್ವಲ್ಪ ಇಳಿಯಿತು, ಹೋಗಲಿಲ್ಲ.

ಮುಂದಿನದು ಗಾಲಿಗಳ ಕೋನಗಳು. ಮುಂದಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಗಾಲಿ ಯಾವ ರೇಖೆಯ ಸುತ್ತ ತಿರುಗುತ್ತದೆಯೋ ಆ ರೇಖೆ ಪಕ್ಕದಿಂದ ನೋಡಿದಾಗ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಎರಡು ಮುಂಗಾಲಿಗಳೂ ಪಾದಗಳಂತೆ ಒಳಮುಖವಾಗಿಯೋ ಹೊರಮುಖವಾಗಿಯೋ ಇರುವುದು ಟೋ. ಕ್ಯಾಂಬರಿನಲ್ಲಿ ಎಡಬಲಗಳಿಗೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಮೇಲ್ಭಾಗ ಹೊರಕ್ಕೆ ಹೆಚ್ಚು ವಾಲಿರುವ ಗಾಲಿಯ ಕಡೆಗೆ ಕಾರು ಸೆಳೆಯುತ್ತದೆ. ಕ್ಯಾಸ್ಟರಿನಲ್ಲಿ ಅದು ಕಡಮೆಯಿರುವ ಕಡೆಗೆ. ಜನರು ಮೊದಲು ದೂರುವುದು ಟೋವನ್ನು. ಆದರೆ ಮುಂಗಾಲಿಗಳ ಟೋ ತಾನಾಗಿ ಕಾರನ್ನು ಒಂದು ಪಕ್ಕಕ್ಕೆ ಎಳೆಯುವುದಿಲ್ಲ. ಕಂಬಿಯಿಂದ ಜೋಡಿಸಲ್ಪಟ್ಟ ಎರಡು ಗಾಲಿಗಳೂ ಆ ದೋಷವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಟಯರು ಬೇಗ ಸವೆಯುವುದೇ ಅದರ ಗುರುತು. ಅಧ್ಯಾಪಕರ ಮೂರು ಕಾಗದಗಳಲ್ಲಿಯೂ ಈ ಕೋನಗಳು ಸರಿಯಾಗಿದ್ದುವು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಅಳೆಯುವುದು ಗಾಲಿಯ ಕೋನವನ್ನು. ಟಯರಿನ ಒಳಗಿನ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ.

ಆ ದೋಷವನ್ನು ತಿಳಿಯಲು ಅಡುಗೆಮನೆಯಿಂದ ಒಂದು ಸ್ಟೀಲಿನ ಲೋಟವನ್ನು ತಂದು ನೆಲದ ಮೇಲೆ ಅಡ್ಡಲಾಗಿ ಉರುಳಿಸಿ ನೋಡಿರಿ. ಬಾಯಿ ಅಗಲ, ಬುಡ ಕಿರಿದು. ಆದುದರಿಂದ ಅದು ನೇರವಾಗಿ ಹೋಗದೆ ಬುಡದ ಕಡೆಗೆ ಬಾಗುತ್ತ ವೃತ್ತವನ್ನು ಬರೆಯುತ್ತದೆ. ಮುಂದಕ್ಕೆ ಉರುಳಿಸಿದರೂ ಹಿಂದಕ್ಕೆ ಉರುಳಿಸಿದರೂ ಬುಡದ ಕಡೆಗೇ. ತಯಾರಿಕೆಯಲ್ಲಿ ಉಕ್ಕಿನ ಪಟ್ಟಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಟಯರೂ ಇಂಥದೇ ಒಂದು ಲೋಟವಾಗುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯದು. ರಸ್ತೆಯ ಮೇಲೆ ಮಾತ್ರ ತನ್ನ ಗುಣ ತೋರಿಸುತ್ತದೆ. ಇದಕ್ಕೆ ಶಂಕುತ್ವ ಎನ್ನಬಹುದು.

ಲೋಟದ ನಿಯಮದಲ್ಲಿಯೇ ಪರೀಕ್ಷೆಯ ದಾರಿಯೂ ಅಡಗಿದೆ. ಎಡ ಮುಂಗಾಲಿಯನ್ನು ಬಿಚ್ಚಿ ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ, ಮೊದಲು ಹೊರಗಿದ್ದ ‘ಬುಡ’ವು ಈಗಲೂ ಹೊರಗೇ ಇರುತ್ತದೆ, ಆದರೆ ಹೊರಗೆಂಬುದು ಈಗ ಬಲ. ಸೆಳೆತವೂ ಬಲಕ್ಕೆ ತಿರುಗಬೇಕು. ತಂದೆಮಗಳು ಜಾಕಿ ಕೊಟ್ಟು ಗಾಲಿಗಳನ್ನು ಅದಲುಬದಲು ಮಾಡಿ ಅದೇ ಬಡಾವಣೆಯ ರಸ್ತೆಗೆ ಹೋದರು. ಅಷ್ಟು ದಿನ ಎಡಕ್ಕೆ ಎಳೆಯುತ್ತಿದ್ದ ಕಾರು ಬಲಕ್ಕೆ ಎಳೆಯಿತು! ಮೂರು ಅಲೈನ್‌ಮೆಂಟುಗಳು ಬಿಡಿಸಲಾರದ ಗಂಟು ಅರ್ಧ ಗಂಟೆಯಲ್ಲಿ ಬಿಚ್ಚಿತ್ತು. ಎರಡರಲ್ಲಿ ಅಪರಾಧಿ ಯಾವುದೆಂದು ತಿಳಿಯಲು ಒಂದೊಂದಾಗಿ ಹಿಂದಕ್ಕೆ ಕಳಿಸಿ ನೋಡಿದರು. ಮೊದಲು ಎಡದಲ್ಲಿದ್ದುದು ಹಿಂದಕ್ಕೆ ಹೋದೊಡನೆ ಸೆಳೆತ ನಿಂತಿತು. ಹಿಂದಿನ ಗಾಲಿಯಲ್ಲಿ ಈ ದೋಷದ ಪ್ರಭಾವ ಸ್ಟಿಯರಿಂಗಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಬಾಣದ ಗುರುತಿರುವ ಟಯರುಗಳು ಒಂದೇ ದಿಕ್ಕಿನಲ್ಲಿ ಉರುಳತಕ್ಕವು. ಅವುಗಳನ್ನು ಎಡಬಲ ಬದಲಿಸದೆ, ಅದೇ ಪಕ್ಕದ ಹಿಂಗಾಲಿಯೊಡನೆ ಬದಲಿಸುವುದು ಒಳ್ಳೆಯದು.

ಗಾಲಿ ಬದಲಿಸಿದ ಮೇಲೂ ಸೆಳೆತ ಹಿಂದಿನ ದಿಕ್ಕಿನಲ್ಲಿಯೇ ಉಳಿದರೆ ಶಂಕುತ್ವ ನಿರಪರಾಧಿ. ಆಗ ಸಂಶಯ ಬೇರೆಡೆಗೆ ತಿರುಗಬೇಕು. ರೇಡಿಯಲ್ ಟಯರಿನ ಹೊರಗಿನ ಪಟ್ಟಿಯಲ್ಲಿ ಉಕ್ಕಿನ ಎಳೆಗಳು ಓರೆಯಾಗಿ ಹಾಯ್ದಿರುವುದರಿಂದಲೂ ಒಂದು ಸಣ್ಣ ಪಾರ್ಶ್ವಬಲ ಹುಟ್ಟುತ್ತದೆ. ಅದರ ದಿಕ್ಕು ಟಯರು ಉರುಳುವ ದಿಕ್ಕನ್ನು ಅನುಸರಿಸುವುದರಿಂದ ಎಡಬಲ ಬದಲಿಸಿದರೂ ಕಾರಿಗೆ ಅದು ಒಂದೇ ಆಗಿರುತ್ತದೆ. ಒಂದು ಗಾಲಿಯ ಬ್ರೇಕು ಪೂರ್ತಿ ಬಿಡದೆ ಉಜ್ಜುತ್ತಿದ್ದರೆ, ಓಡಿಬಂದ ಮೇಲೆ ಆ ಗಾಲಿ ಉಳಿದವಕ್ಕಿಂತ ಬಿಸಿಯಾಗಿರುತ್ತದೆ. ಅಂಗೈಯ ಹಿಂಭಾಗವನ್ನು ರಿಮ್ಮಿನ ಹತ್ತಿರಕ್ಕೆ ಒಯ್ದರೆ ತಿಳಿಯುತ್ತದೆ, ಬ್ರೇಕಿನ ಬಿಲ್ಲೆಯನ್ನು ಮಾತ್ರ ಮುಟ್ಟಬಾರದು. ವೇಗ ಹೆಚ್ಚಿಸುವಾಗ ಮಾತ್ರ ಎಳೆಯುವ ಮುಂಗಾಲಿ ಚಾಲನೆಯ ಕಾರುಗಳಲ್ಲಿ ಎಡಬಲದ ಚಾಲಕದಂಡಗಳ ಉದ್ದ ಸಮನಾಗಿಲ್ಲದಿರುವುದು ಕಾರಣವಿರಬಹುದು. ವಿದ್ಯುತ್ತಿನ ಸಹಾಯವಿರುವ ಸ್ಟಿಯರಿಂಗುಗಳಲ್ಲಿ ನಡುಸ್ಥಾನದ ಅಳತೆ ತಪ್ಪಿದ್ದರೂ ಹೀಗಾಗುತ್ತದೆ.

ಸೆಳೆತ ಹೋಯಿತು. ಆದರೆ ಮುಂದಿನ ಭಾನುವಾರ ಹೆದ್ದಾರಿಯ ಎಡಪಥದಲ್ಲಿ ಕಾರು ಮತ್ತೆ ಹಾರಿತು. ಈ ಸಲ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ರಸ್ತೆ ಖಾಲಿಯಿದ್ದೆಡೆ ಅಧ್ಯಾಪಕರು ಪಥದೊಳಗೇ ಒಂದು ಅಡಿಯಷ್ಟು ಸರಿದು ನಡೆಸಿದಾಗ ಸ್ಟಿಯರಿಂಗಿನ ತುಡಿತದ ದಿಕ್ಕು ಬದಲಾಯಿತು. ಆ ರಾತ್ರಿ ಲಾರಿಯತ್ತ ಎಳೆದುದು ಇದೇ. ಒಂದು ಕಾರಿನಲ್ಲಿ ಎರಡು ರೋಗಗಳಿದ್ದುವು. ಒಂದನ್ನು ಇನ್ನೊಂದು ಮರೆಮಾಡಿತ್ತು.

ಈಗ ಮೊದಲಿನ ಒಗಟಿಗೆ ಬರೋಣ. ಟಯರು ನೆಲವನ್ನು ಮುಟ್ಟುವ ಭಾಗದ ವಿಸ್ತೀರ್ಣವನ್ನು ನಿರ್ಧರಿಸುವುದು ಅದರ ಅಗಲವಲ್ಲ. ಸ್ಥೂಲವಾಗಿ ಹೇಳುವುದಾದರೆ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದು ಗಾಲಿಯ ಮೇಲೆ ೩೦೦ ಕಿಲೋಗ್ರಾಂ ಭಾರವಿರಲಿ. ೩೩ ಪೌಂಡು ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೨.೩ ಕಿಲೋಗ್ರಾಂ. ಭಾಗಿಸಿದರೆ ೧೩೦ ಚದರ ಸೆಂಟಿಮೀಟರು, ಒಂದು ಅಂಗೈಯಷ್ಟು. ಅಗಲವಾದ ಟಯರು ಹಾಕಿದರೆ ಈ ಅಂಗೈ ದೊಡ್ಡದಾಗುವುದಿಲ್ಲ, ಅದರ ಆಕಾರ ಮಾತ್ರ ಬದಲಾಗುತ್ತದೆ. ಹಳೆಯ ಟಯರು ನೆಲವನ್ನು ೧೨ ಸೆಂ.ಮೀ. ಅಗಲಕ್ಕೆ ಮುಟ್ಟುತ್ತಿತ್ತೆಂದು ಹಿಡಿದರೆ ಉದ್ದ ಸುಮಾರು ೧೧ ಸೆಂ.ಮೀ. ಹೊಸದು ೧೭ ಸೆಂ.ಮೀ. ಅಗಲಕ್ಕೆ ಮುಟ್ಟಿದರೆ ಉದ್ದ ಎಂಟಕ್ಕಿಂತ ಕಡಮೆ.

ಈ ಬದಲಾವಣೆಯಲ್ಲಿಯೇ ಎಲ್ಲ ಗುಟ್ಟೂ ಇದೆ. ಗಾಲಿ ಪಕ್ಕಕ್ಕೆ ತುಸು ಹೊರಳಿದಾಗ ಅದನ್ನು ಮತ್ತೆ ನೇರಕ್ಕೆ ತರುವ ಪಾರ್ಶ್ವಬಲವು ಮುಟ್ಟುವ ಭಾಗದ ನಡುವಿನಲ್ಲಿ ಅಲ್ಲ, ಸ್ವಲ್ಪ ಹಿಂದೆ ಕೆಲಸಮಾಡುತ್ತದೆ. ಆ ಅಂತರವೇ ಗಾಲಿಯನ್ನು ನೇರಗೊಳಿಸುವ ಸನ್ನೆ. ಮುಟ್ಟುವ ಭಾಗದ ಉದ್ದ ಕುಗ್ಗಿದರೆ ಅದೂ ಕುಗ್ಗುತ್ತದೆ. ಇತ್ತ ಅಗಲ ಹೆಚ್ಚಿದಾಗ ಇನ್ನೊಂದು ಸನ್ನೆ ಬೆಳೆಯುತ್ತದೆ. ರಸ್ತೆಯ ಉಬ್ಬೊಂದು ಟಯರಿನ ಒಂದು ಅಂಚನ್ನು ಮಾತ್ರ ಒತ್ತಿದಾಗ ಭಾರವೂ ಘರ್ಷಣೆಯೂ ಆ ಅಂಚಿಗೆ ಸರಿಯುತ್ತವೆ. ಅಂಚು ಹಿಂದಕ್ಕೆ ಎಳೆಯಲ್ಪಟ್ಟು ಗಾಲಿ ಅತ್ತ ಹೊರಳುತ್ತದೆ. ಹಳೆಯ ಟಯರಿನಲ್ಲಿ ನಡುವಿನಿಂದ ಅಂಚಿಗೆ ೬ ಸೆಂ.ಮೀ.; ಹೊಸದರಲ್ಲಿ ಎಂಟೂವರೆ. ಬಾವಿಯ ರಾಟೆಗೆ ಉದ್ದನೆಯ ಹಿಡಿಕೆ ಕೊಟ್ಟಂತಾಯಿತು, ರಸ್ತೆಯ ಕೈಗೆ. ಮೇಲಾಗಿ, ಅಂಗಡಿಯಲ್ಲಿ ಕೊಂಡ ರಿಮ್ಮುಗಳು ಗಾಲಿಯನ್ನು ಹೊರಕ್ಕೆ ಚಾಚಿದ್ದರೆ, ಗಾಲಿ ತಿರುಗುವ ರೇಖೆಗೂ ಟಯರಿನ ನಡುವಿಗೂ ಇರುವ ದೂರ ಬದಲಾಗಿ ಆ ಹಿಡಿಕೆ ಇನ್ನೂ ಉದ್ದವಾಗುತ್ತದೆ. ಎತ್ತರವಾದ ಗೋಡೆಯ ಟಯರು ಈ ಹೊಡೆತಗಳನ್ನು ತನ್ನ ಬಳುಕಿನಲ್ಲಿ ನುಂಗಿಕೊಳ್ಳುತ್ತದೆ. ಗಿಡ್ಡ ಗೋಡೆಯದು ನೇರವಾಗಿ ಚಾಲಕನ ಕೈಗೆ ತಲುಪಿಸುತ್ತದೆ.

ಸಮನಾದ ರಸ್ತೆಯಲ್ಲಿ ಎಡಗಾಲಿ ಬಲಗಾಲಿಗಳ ತುಡಿತಗಳು ಒಂದನ್ನೊಂದು ಅಳಿಸುತ್ತವೆ. ಹೆದ್ದಾರಿಯಲ್ಲಿ ಹಾಗಾಗದಿರುವುದಕ್ಕೆ ಲಾರಿಗಳೇ ಕಾರಣ. ಬೇಸಗೆಯಲ್ಲಿ ಮೆತ್ತಗಾದ ಡಾಂಬರನ್ನು ಭಾರದ ಲಾರಿಗಳು ಒತ್ತಿ ಒತ್ತಿ ಎರಡು ಉದ್ದನೆಯ ತಗ್ಗುಗಳನ್ನು ಮಾಡುತ್ತವೆ. ಲಾರಿಯ ಹಿಂದಿನ ಜೋಡಿಗಾಲಿಗಳ ನಡುವಣ ಅಂತರ ಸುಮಾರು ೧.೮ ಮೀಟರು, ಕಾರಿನ ಗಾಲಿಗಳ ಅಂತರ ಸುಮಾರು ೧.೫ ಮೀಟರು. ಆದುದರಿಂದ ಕಾರಿನ ಎರಡು ಗಾಲಿಗಳೂ ಒಮ್ಮೆಗೇ ತಗ್ಗಿನ ತಳದಲ್ಲಿ ಕೂಡಲಾರವು. ಒಂದು ತಳದಲ್ಲಿದ್ದರೆ ಇನ್ನೊಂದು ಏರಿನ ಮೇಲಿರುತ್ತದೆ. ತಗ್ಗು ೨ ಸೆಂ.ಮೀ. ಆಳವಾಗಿದ್ದು ಅದರ ಏರು ೩೦ ಸೆಂ.ಮೀ. ಹರಡಿದ್ದರೆ ಅದು ೧೫ಕ್ಕೆ ೧ರ ಇಳಿಜಾರು. ೩೦೦ ಕಿಲೋಗ್ರಾಂ ಹೊತ್ತ ಗಾಲಿಯನ್ನು ಅದು ೨೦ ಕಿಲೋಗ್ರಾಂ ಬಲದಿಂದ ತಳದತ್ತ ನೂಕುತ್ತದೆ. ಆಮೆಬೆನ್ನಿನ ರಸ್ತೆ ಇಡೀ ಕಾರನ್ನು ಎಳೆಯುವಷ್ಟನ್ನು ಇಲ್ಲಿ ಒಂದೇ ಗಾಲಿ ಅನುಭವಿಸುತ್ತದೆ. ಇಳಿಜಾರು ಒಂದು ಕಡೆಗೆ ನೂಕುತ್ತಿರುವಾಗ ಒತ್ತಿದ ಅಂಚು ಏರಿನ ಕಡೆಗೆ ಹೊರಳಿಸುತ್ತದೆ. ಯಾವುದು ಗೆಲ್ಲುವುದೆಂಬುದು ಕ್ಷಣಕ್ಷಣಕ್ಕೂ ಬೇರೆ. ತುಡಿತವನ್ನು ಚಾಲಕನು ಮುಂಗಾಣಲಾರನೆಂಬುದೇ ಇದರ ಅಪಾಯ.

ಹಳೆಯ ಕಾರುಗಳಿಗೆ ಇನ್ನೊಂದು ಅನುಕೂಲವಿತ್ತು. ಇಳಿಜಾರಿನ ಮೇಲೆ ನೆಟ್ಟಗೆ ನಿಂತ ಗಾಲಿ, ನೆಲದ ಲೆಕ್ಕದಲ್ಲಿ, ಏರಿನ ಕಡೆಗೆ ವಾಲಿದಂತಾಗುತ್ತದೆ. ವಾಲಿದ ಗಾಲಿ ವಾಲಿದ ಕಡೆಗೆ ಸರಿಯಲು ಬಯಸುತ್ತದೆ. ಮೋಟಾರು ಸೈಕಲು ತಿರುವಿನಲ್ಲಿ ವಾಲುವುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಹೀಗೆ ಗಾಲಿ ತಾನೇ ಜಾಡಿನಿಂದ ಮೇಲೇರಲು ಯತ್ನಿಸುತ್ತದೆ. ಎಳೆಗಳನ್ನು ಅಡ್ಡಡ್ಡಲಾಗಿ ಹೆಣೆದ ಹಳೆಯ ಬಗೆಯ ಟಯರುಗಳಲ್ಲಿ ಈ ಬಲ ಹೆಚ್ಚು. ೧೯೪೯ರಲ್ಲಿ ಮಿಷೆಲಿನ್ ಸಂಸ್ಥೆ ಮಾರುಕಟ್ಟೆಗೆ ತಂದ ರೇಡಿಯಲ್ ಬಗೆಯಲ್ಲಿ ಕಡಮೆ. ಬಾಳಿಕೆ, ಇಂಧನದ ಉಳಿತಾಯ, ತಿರುವಿನಲ್ಲಿ ಹಿಡಿತ ಎಲ್ಲದರಲ್ಲಿಯೂ ಗೆದ್ದ ರೇಡಿಯಲ್ ಟಯರು ಜಾಡನ್ನು ಏರುವುದರಲ್ಲಿ ಮಾತ್ರ ತನ್ನ ಅಜ್ಜನಿಗೆ ಸೋತಿತು.

ಜಾಡಿಗೆ ತಗ್ಗೇ ಬೇಕೆಂದಿಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಳೆಯಲ್ಲಿ ಕಾರುಗಳು ಜಾರದಿರಲೆಂದು ಕಾಂಕ್ರೀಟು ಹೆದ್ದಾರಿಗಳ ಮೇಲೆ ೧೯ ಮಿ.ಮೀ. ಅಂತರದಲ್ಲಿ ಉದ್ದುದ್ದನೆಯ ಸಣ್ಣ ಗೀರುಗಳನ್ನು ಕೊರೆದರು. ಜಾರುವುದು ಕಡಮೆಯಾಯಿತು. ಆದರೆ ಟಯರಿನ ಮೇಲಿನ ಪಟ್ಟೆಗಳ ಅಂತರ ಗೀರುಗಳ ಅಂತರಕ್ಕೆ ಹೊಂದಿದಾಗ, ಹಲ್ಲಿಗೆ ಹಲ್ಲು ಕೂತಂತೆ, ಟಯರು ಗೀರನ್ನೇ ಹಿಂಬಾಲಿಸತೊಡಗಿತು.

ಜಾಡು ಹಿಡಿಯುವ ಕಾರಿಗೆ ಏನು ಮಾಡಬಹುದು? ಮೊದಲು ಗಾಲಿಯನ್ನು ಎತ್ತಿ, ಕಾರಿಗೆ ಭದ್ರವಾದ ಆಧಾರ ಕೊಟ್ಟು, ಅಲುಗಿಸಿ ನೋಡಬೇಕು; ಸವೆದ ಕೀಲುಗಳು ಚಿಕ್ಕ ತುಡಿತವನ್ನು ದೊಡ್ಡದು ಮಾಡುತ್ತವೆ. ಗಾಲಿಗಳು ಹೊರಮುಖವಾಗಿದ್ದರೆ ಟೋವನ್ನು ಕಾರು ತಯಾರಿಸಿದವರು ಹೇಳಿದ ಅಳತೆಗೆ ತರಬೇಕು. ಗಾಲಿಯನ್ನು ಹೊರಕ್ಕೆ ತಳ್ಳಲು ಹಾಕಿದ ಬಿಲ್ಲೆಗಳಿದ್ದರೆ ತೆಗೆಯಬೇಕು. ಇವೆಲ್ಲ ಉಪಶಮನಗಳು. ಅಗಲದಿಂದ ಹುಟ್ಟಿದ ಸನ್ನೆಯನ್ನು ಯಾವ ತಿರುಪೂ ಕುಗ್ಗಿಸಲಾರದು. ವೇಗದ ತಿರುವುಗಳಲ್ಲಿ ಅಗಲವಾದ ಟಯರಿಗೆ ಅದರದೇ ಆದ ಬೆಲೆಯಿದೆ, ನಿಜ. ಅದಕ್ಕೆಂದೇ ರಚಿಸಿದ ಕಾರುಗಳಲ್ಲಿ ಅಚ್ಚು, ಕೋನ, ರಿಮ್ಮು ಎಲ್ಲವನ್ನೂ ಅದಕ್ಕೆ ಹೊಂದಿಸಿರುತ್ತಾರೆ. ಸಂತೆಗೂ ಶಾಲೆಗೂ ಹೋಗುವ ಕಾರಿಗೆ ಅದನ್ನು ತೊಡಿಸುವುದು, ನನ್ನ ಮಟ್ಟಿಗೆ, ಕಾಲಿಗಿಂತ ದೊಡ್ಡ ಬೂಟಿಗೆ ಆಸೆಪಟ್ಟಂತೆ.

ಅಧ್ಯಾಪಕರು ಕೊನೆಗೆ ೧೪ ಅಂಗುಲದ ಸಾದಾ ರಿಮ್ಮುಗಳನ್ನು ಕೊಂಡು ೧೬೫/೮೦ರ ಟಯರುಗಳನ್ನೇ ಹಾಕಿಸಿದರು. ಮಗಳು ಅದೇ ಬಡಾವಣೆಯ ರಸ್ತೆಯಲ್ಲಿ ಮತ್ತೊಮ್ಮೆ ಪ್ರಯೋಗ ನಡೆಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು: ಹೋಗುವಾಗ ಸ್ವಲ್ಪ ಎಡಕ್ಕೆ, ಬರುವಾಗ ಅಷ್ಟೇ ಬಲಕ್ಕೆ. ಹೆದ್ದಾರಿಯ ಲಾರಿ ಜಾಡಿನಲ್ಲಿ ಸ್ಟಿಯರಿಂಗು ಈಗಲೂ ತುಸು ಅಲುಗುತ್ತದೆ. ಆದರೆ ಎರಡು ಬೆರಳುಗಳಿಗೆ ಬಗ್ಗುತ್ತದೆ.